ಮಗಳ ನೆಗಡಿ, ಅತ್ತೆಯ ದಮ್ಮು

ಪ್ರಶ್ನೆ: ನಮ್ಮದು ಹಾವೇರಿ ಹತ್ತಿರದ ಊರು. ಮಗಳು ಯುಕೆಜಿ. ಶಾಲೆಯಿಂದ ನೆಗಡಿ ತಂದಳೆಂದರೆ ಮೂರ್ನಾಲ್ಕು ದಿನದಲ್ಲಿ ಅತ್ತೆಗೆ ಅಂಟುತ್ತದೆ. ಅತ್ತೆಗೆ ಹಳೆಯ ದಮ್ಮು, ಹೋದ ಸಲ ಆಸ್ಪತ್ರೆಗೇ ಸೇರಿಸಬೇಕಾಯಿತು. ನಾನೇ ಸರಿಯಾಗಿ ನೋಡಿಕೊಳ್ಳಲಿಲ್ಲವೆಂದು ನಾದಿನಿ ಆಡಿಕೊಂಡರು. ಈಗ ಯಾರು ಸೀನಿದರೂ ನೀಲಗಿರಿ ಎಣ್ಣೆ ಹಾಕಿ ಮನೆಮಂದಿಗೆಲ್ಲ ಹಬೆ ಹಿಡಿಸುತ್ತೇನೆ. ಮಗಳು ಅತ್ತು ಕರೆಯುತ್ತಾಳೆ. ಉಪ್ಪುನೀರನ್ನು ಉಸಿರಿನಲ್ಲಿ ಎಳೆದುಕೊಂಡರೆ ರೋಗ ಹರಡುವುದಿಲ್ಲ, ಅತ್ತೆಯ ನೆಬ್ಯುಲೈಜರ್‌ನಲ್ಲೇ ಮಗಳಿಗೂ ಕೊಡಿ ಎನ್ನುತ್ತಾನೆ ಬೆಂಗಳೂರಿನ ಮೈದುನ. ಇನ್‌ಹೇಲರ್ ಚಟ ಹಿಡಿಯುತ್ತದೆ ಎಂದು ಪಕ್ಕದ ಮನೆಯವರು ಹೇಳಿದ್ದಕ್ಕೆ ಅತ್ತೆ ಅದನ್ನೂ ಬಿಟ್ಟಿದ್ದಾರೆ. ನಾನು ಏನು ಮಾಡಲಿ?

ಉತ್ತರ: ನಿಮ್ಮ ಪತ್ರದ ಕೊನೆಯ ಸಂಗತಿಯೇ ಎಲ್ಲಕ್ಕಿಂತ ತುರ್ತಿನದು. ಅತ್ತೆಯವರ ಇನ್‌ಹೇಲರ್ ಇವತ್ತೇ ಮತ್ತೆ ಶುರುವಾಗಲಿ. ಅದು ಚಟ ಹಿಡಿಸುವ ವಸ್ತುವಲ್ಲ. ಅದರಲ್ಲಿ ಸ್ಟೆರಾಯ್ಡ್ ಇದ್ದರೂ ಹೆದರಬೇಡಿ: ಮಾತ್ರೆಯಲ್ಲಿ ಮಿಲಿಗ್ರಾಂ ಲೆಕ್ಕದಲ್ಲಿ ಹೊಟ್ಟೆಗೆ ಹೋಗುವ ಸ್ಟೆರಾಯ್ಡ್ ಇನ್‌ಹೇಲರ್‌ನಲ್ಲಿ ಮೈಕ್ರೋಗ್ರಾಂ ಲೆಕ್ಕದಲ್ಲಿ ನೇರ ಶ್ವಾಸನಾಳಕ್ಕೆ ಹೋಗುತ್ತದೆ. ದಿನವೂ ಎಳೆಯಬೇಕಾದ್ದನ್ನು ಬಿಟ್ಟರೆ ಶ್ವಾಸನಾಳದ ಒಳಗೆ ಊತ ಉಳಿದುಕೊಳ್ಳುತ್ತದೆ, ಆಗ ಸಣ್ಣ ನೆಗಡಿಯೂ ಆಸ್ಪತ್ರೆಯವರೆಗೆ ಒಯ್ಯಬಹುದು. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಲಿ, ಇಲ್ಲದಿದ್ದರೆ ಬಾಯಲ್ಲಿ ಬಿಳಿ ಪೊರೆ ಕಟ್ಟಬಹುದು. ಆದರೆ ಆ ಔಷಧ ಅವರೊಬ್ಬರದು. ಸೋಂಕು ಹರಡುವುದನ್ನು ಅದು ತಡೆಯುವುದಿಲ್ಲ, ಬೇರೆಯವರಿಗೆ ಕೊಡಬೇಡಿ.

ಇನ್ನು ಹಬೆ. ಕೋವಿಡ್ಡಿನ ಎರಡನೇ ಅಲೆಯಲ್ಲಿ ಊರೂರಲ್ಲಿ ಹಬೆ ಹಿಡಿದದ್ದು ನಿಮಗೂ ನೆನಪಿರಬೇಕು. ಕಟ್ಟಿದ ಮೂಗಿಗೆ ಒಂದಿಷ್ಟು ಹಗುರವೆನಿಸುತ್ತದೆ, ನಿಜ. ಆದರೆ ವೈರಸ್ ಸಾಯುವಷ್ಟು ಬಿಸಿ ಬೇಕೆಂದರೆ ಮೂಗಿನ ಒಳಪೊರೆಯೇ ಮೊದಲು ಸುಡುತ್ತದೆ. ಒಬ್ಬರಿಂದ ಒಬ್ಬರಿಗೆ ಹರಡುವುದು ಇದರಿಂದ ನಿಲ್ಲುವುದಿಲ್ಲ. ಬೋಗುಣಿ ಮಗುಚಿ ತೊಡೆ, ಹೊಟ್ಟೆ ಸುಟ್ಟುಕೊಂಡು ಬರುವ ಮಕ್ಕಳು ಸುಟ್ಟಗಾಯದ ವಾರ್ಡುಗಳಿಗೆ ಹೊಸಬರಲ್ಲ. ನೀಲಗಿರಿ ಎಣ್ಣೆಯ ಘಾಟಿಗೆ ದಮ್ಮಿನವರ ಶ್ವಾಸನಾಳ ಬಿಗಿಯಬಹುದು. ಮಕ್ಕಳು ಅದನ್ನು ನುಂಗಿದರೆ ಫಿಟ್ಸ್ ಬರಬಹುದು, ಸೀಸೆಯನ್ನು ಕೈಗೆಟುಕದ ಕಡೆ ಇಡಿ. ನಿಮ್ಮ ಮಗಳು ಅತ್ತು ಕರೆಯುತ್ತಿರುವುದು ಸರಿಯಾಗಿಯೇ ಇದೆ.

ಮೈದುನ ಹೇಳಿದ್ದು ಪೂರ್ತಿ ಗಾಳಿಮಾತಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಡೇವಿಡ್ ಎಡ್ವರ್ಡ್ಸ್ ಮತ್ತು ಸಂಗಡಿಗರು 2004ರಲ್ಲಿ 11 ಮಂದಿ ಆರೋಗ್ಯವಂತರಿಗೆ ಉಪ್ಪುನೀರಿನ ತುಂತುರನ್ನು ಉಸಿರಾಡಿಸಿ ನೋಡಿದರು. ಉಸಿರು ಬಿಡುವಾಗ ಹೆಚ್ಚು ಹನಿ ಹೊರಹಾಕುತ್ತಿದ್ದವರಲ್ಲಿ ಕೆಲವು ಗಂಟೆಗಳ ಕಾಲ ಆ ಹನಿಗಳು ಬಹಳ ಇಳಿದವು. ಶ್ವಾಸನಾಳದ ಒಳಮೈಯ ತೇವದ ಗುಣವನ್ನು ಉಪ್ಪು ಬದಲಿಸುವುದರಿಂದ ಅದು ಸುಲಭವಾಗಿ ಚೂರಾಗಿ ಹಾರುವುದಿಲ್ಲ ಎಂಬುದು ಅವರ ವಿವರಣೆ. ಸೊಗಸಾದ ಯೋಚನೆ. ಆದರೆ ಅವರು ಎಣಿಸಿದ್ದು ಹನಿಗಳನ್ನು, ಕಾಯಿಲೆ ಬಿದ್ದವರನ್ನಲ್ಲ. ಹನಿ ಕಡಿಮೆಯಾದರೆ ಮನೆಯ ಅಜ್ಜಿಗೆ ನೆಗಡಿ ತಪ್ಪುತ್ತದೆಯೇ ಎಂಬುದು ಬೇರೆಯದೇ ಪ್ರಶ್ನೆ.

ಆ ಪ್ರಶ್ನೆಗೆ ಹತ್ತಿರದ ಉತ್ತರ ಸಿಕ್ಕಿದ್ದು ಯಂತ್ರವೇ ಇಲ್ಲದ ಕಡೆ. ಸ್ಕಾಟ್ಲೆಂಡಿನ ಎಡಿನ್‌ಬರೋ ತಂಡ ಆರು ವರ್ಷದೊಳಗಿನ 400ಕ್ಕೂ ಹೆಚ್ಚು ಮಕ್ಕಳನ್ನು ಸೇರಿಸಿಕೊಂಡು ಪರೀಕ್ಷೆ ನಡೆಸಿ, 2024ರ ಸೆಪ್ಟೆಂಬರಿನಲ್ಲಿ ವಿಯೆನ್ನಾದಲ್ಲಿ ಫಲಿತಾಂಶ ಮಂಡಿಸಿತು. ನೆಗಡಿ ಶುರುವಾದಾಗ ಕೆಲವು ಮಕ್ಕಳಿಗೆ ಒಂದೊಂದು ಹೊಳ್ಳೆಗೆ ಮೂರು ಹನಿ ಉಪ್ಪುನೀರು, ದಿನಕ್ಕೆ ಕನಿಷ್ಠ ನಾಲ್ಕು ಸಲ. ಉಳಿದ ಮಕ್ಕಳಿಗೆ ಎಂದಿನ ಆರೈಕೆ. ಹನಿ ಹಾಕಿಸಿಕೊಂಡವರ ನೆಗಡಿ ಸರಾಸರಿ 8 ದಿನದ ಬದಲು 6 ದಿನಕ್ಕೆ ಮುಗಿಯಿತು, ಆ ಮನೆಗಳಲ್ಲಿ ಇತರರಿಗೆ ಅಂಟಿದ್ದೂ ಕಡಿಮೆ. ಉಪ್ಪಿನ ಕ್ಲೋರೈಡನ್ನು ಮೂಗಿನ ಜೀವಕೋಶಗಳು ವೈರಸ್ಸಿನ ವಿರುದ್ಧ ಆಯುಧವಾಗಿ ಬಳಸಿಕೊಳ್ಳುತ್ತವೆ ಎನ್ನುತ್ತಾರೆ. ತಾವು ಹನಿ ಹಾಕುತ್ತಿದ್ದೇವೆಂದು ತಾಯ್ತಂದೆಯರಿಗೆ ಗೊತ್ತಿತ್ತಾದ್ದರಿಂದ ಇದೇ ಕೊನೆಯ ಮಾತು ಎನ್ನಲಾರೆ. ಆದರೂ ಹಾನಿಯಿಲ್ಲದ, ಅಗ್ಗದ ಉಪಾಯ, ನಾನಾದರೆ ಮಾಡುತ್ತೇನೆ.

ಹನಿಯನ್ನು ಔಷಧದಂಗಡಿಯಿಂದಲೇ ತನ್ನಿ. ಅಲ್ಲಿ ಸಾಮಾನ್ಯ ಸಲೈನೂ ಇರುತ್ತದೆ, ಉಪ್ಪು ಹೆಚ್ಚಿರುವುದೂ ಇರುತ್ತದೆ. ಎಡಿನ್‌ಬರೋದವರು ಬಳಸಿದ್ದು ಎರಡನೆಯ ಬಗೆ. ಅದು ಸ್ವಲ್ಪ ಉರಿಯುತ್ತದೆ, ಮಕ್ಕಳ ಡಾಕ್ಟರನ್ನು ಒಂದು ಮಾತು ಕೇಳಿಕೊಳ್ಳಿ. ಒಬ್ಬರ ಸೀಸೆ ಇನ್ನೊಬ್ಬರ ಮೂಗಿಗೆ ಬೇಡ. ನಲ್ಲಿ ನೀರಿಗೆ ಅಡುಗೆ ಉಪ್ಪು ಕಲಸಿ ಮೂಗಿಗೆ ಬಿಡುವುದಂತೂ ಬೇಡವೇ ಬೇಡ. ಕೇರಳದಲ್ಲಿ ಮೂಗಿನ ಮೂಲಕ ಮಿದುಳಿಗೆ ಹತ್ತಿದ ಅಮೀಬಾ ಸೋಂಕಿನ ಸುದ್ದಿ ನೀವೂ ಓದಿರುತ್ತೀರಿ.

ನೆಬ್ಯುಲೈಜರ್ ವಿಷಯಕ್ಕೆ ಬರುತ್ತೇನೆ. ಅತ್ತೆಯ ಮಾಸ್ಕನ್ನು ಮಗಳ ಮುಖಕ್ಕಿಟ್ಟು, ಮತ್ತೆ ಅದನ್ನೇ ಅತ್ತೆಗಿಟ್ಟರೆ ನೆಗಡಿಯನ್ನು ನೀವೇ ಕೈಯಾರೆ ದಾಟಿಸಿದ ಹಾಗೆ. ಮಾಸ್ಕ್, ಔಷಧದ ಕಪ್ಪು ಒಬ್ಬೊಬ್ಬರಿಗೆ ಬೇರೆಯೇ ಇರಬೇಕು. ಪ್ರತಿ ಸಲವೂ ತೊಳೆದು, ಪೂರ್ತಿ ಒಣಗಿಸಿ ಇಡಿ. ಅತ್ತೆಗೆ ನೆಬ್ಯುಲೈಜರ್ ಕೊಡುವಾಗ ಕಿಟಕಿ ತೆರೆದಿರಲಿ, ಮಗು ಬೇರೆ ಕೋಣೆಯಲ್ಲಿರಲಿ. ಉಪ್ಪು ಹೆಚ್ಚಿರುವ ಸಲೈನನ್ನು ಡಾಕ್ಟರರನ್ನು ಕೇಳದೆ ಅತ್ತೆಗೆ ನೆಬ್ಯುಲೈಸ್ ಮಾಡಿದರೆ ಉಬ್ಬಸ ಕೆರಳಬಹುದು.

ಮಗಳಿಗೆ ನೆಗಡಿಯಿರುವ ಆ ವಾರ ಅಜ್ಜಿಯ ಮಗ್ಗುಲಲ್ಲಿ ಮಲಗುವುದು ಬೇಡ. ಇಬ್ಬರಿಗೂ ಬೇಜಾರಾಗುತ್ತದೆ, ಆಗಲಿ. ಅತ್ತೆಗೆ ಮಾತಾಡುವಾಗ ವಾಕ್ಯ ಮುಗಿಸಲಾಗದಷ್ಟು ಏದುಸಿರು ಬಂದರೆ, ತುಟಿ ನೀಲಿಗಟ್ಟಿದರೆ ಮನೆಮದ್ದಿಗೆ ಕಾಯದೆ ಹೊರಡಿ.

ಮಗು ಇರುವ ಮನೆಗೆ ನೆಗಡಿ ಬಂದೇ ಬರುತ್ತದೆ, ಅದು ನಿಮ್ಮ ತಪ್ಪಲ್ಲ. ಅತ್ತೆಯವರಿಗೆ ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ ಫ್ಲೂ ಲಸಿಕೆ ಹಾಕಿಸಬೇಕು. ನ್ಯುಮೋನಿಯಾದ ಲಸಿಕೆಯ ಬಗ್ಗೆಯೂ ಅವರ ಡಾಕ್ಟರರನ್ನು ಕೇಳಬೇಕು. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬರುವ ಈ ಕೆಲಸವನ್ನು ನಾದಿನಿಯವರಿಗೇ ಒಪ್ಪಿಸಿ.