ಮುಳುಗಿದ ಊರುಗಳ ಮೇಲೊಂದು ನಡಿಗೆ: ಡರ್ವೆಂಟ್ ಎಡ್ಜ್

ಮಗನೋ ಮಗಳೋ ಶೆಫೀಲ್ಡಿನಲ್ಲಿ ಓದುತ್ತಿದ್ದು ನೀವು ಇಂಗ್ಲೆಂಡಿಗೆ ಹೊರಟಿದ್ದರೆ, ಲಂಡನ್ನಿನ ಪಟ್ಟಿಯಿಂದ ಒಂದು ದಿನ ಕಡಿತ ಮಾಡಿ ಪೀಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನದ ಡರ್ವೆಂಟ್ ಎಡ್ಜ್‌ಗೆ ಕೊಡಿ. ಲೇಡಿಬೌವರ್ ಜಲಾಶಯದ ಪೂರ್ವಕ್ಕೆ ಉದ್ದಕ್ಕೂ ಹಬ್ಬಿದ ಬೆಟ್ಟದ ನೆತ್ತಿ ಅದು. ಎಲ್ಲಕ್ಕಿಂತ ಎತ್ತರದ ಬ್ಯಾಕ್ ಟಾರ್ ಕೂಡ 538 ಮೀಟರ್ ಅಷ್ಟೇ. ಮುಳ್ಳಯ್ಯನಗಿರಿ ಹತ್ತಿದವರಿಗೆ ಇದೇನು ಮಹಾ ಅನ್ನಿಸಬಹುದು. ಇಲ್ಲಿ ಪರೀಕ್ಷಿಸುವುದು ಎತ್ತರವಲ್ಲ, ಗಾಳಿ.

ಫೇರ್‌ಹೋಮ್ಸ್‌ನಿಂದ ಹೊರಡುವುದು ಅನುಕೂಲ. ಹಣ ಕೊಟ್ಟು ಕಾರು ನಿಲ್ಲಿಸಬಹುದು, ಶೌಚಾಲಯವಿದೆ, ಚಹಾ ಸಿಗುತ್ತದೆ. ವಾರಾಂತ್ಯದಲ್ಲಿ ಜಾಗ ಬೇಗ ತುಂಬುತ್ತದೆ, ಬೆಳಿಗ್ಗೆಯೇ ತಲುಪಿ. ರೈಲಿನಲ್ಲಿ ಬರುವವರು ಬ್ಯಾಮ್‌ಫರ್ಡ್‌ನಲ್ಲಿ ಇಳಿದರೆ ಲೇಡಿಬೌವರ್ ಅಣೆಕಟ್ಟೆಗೆ ಒಂದು ತಾಸಿನೊಳಗಿನ ನಡಿಗೆ. ಇಡೀ ಸುತ್ತು 16 ಕಿಲೋಮೀಟರಿನ ಆಸುಪಾಸು. ಐದಾರು ತಾಸು ಇಟ್ಟುಕೊಳ್ಳಿ.

ಹಲವರು ಉತ್ತರದಿಂದ ಹತ್ತಿ ದಕ್ಷಿಣಕ್ಕೆ ಇಳಿಯುತ್ತಾರೆ. ನನ್ನ ಮಾತು ಕೇಳುವುದಾದರೆ ತಿರುಗಿಸಿ ನಡೆಯಿರಿ. ಮೊದಲು ಪೂರ್ವದಂಡೆಯ ರಸ್ತೆ ಹಿಡಿದು ದಕ್ಷಿಣಕ್ಕೆ ಹೋಗಿ. ಸಾಮಾನ್ಯವಾಗಿ ನೈಋತ್ಯದಿಂದ ಬೀಸುವ ಗಾಳಿ ಆಮೇಲೆ ನೆತ್ತಿಯ ಮೇಲೆ ನಿಮ್ಮ ಬೆನ್ನಿಗಿರುತ್ತದೆ. ಅದಕ್ಕಿಂತ ದೊಡ್ಡ ಕಾರಣ, ಈ ದಂಡೆಯ ರಸ್ತೆ ಡರ್ವೆಂಟ್ ಎಂಬ ಊರಿದ್ದ ಜಾಗದ ಪಕ್ಕದಲ್ಲೇ ಹಾದುಹೋಗುತ್ತದೆ. 1935ರಿಂದ 1943ರವರೆಗೆ ಕಟ್ಟಿದ ಲೇಡಿಬೌವರ್ ಅಣೆಕಟ್ಟೆಗಾಗಿ ಡರ್ವೆಂಟ್, ಆ್ಯಷಪ್ಟನ್ ಎರಡೂ ಊರುಗಳನ್ನು ಒಕ್ಕಲೆಬ್ಬಿಸಿದರು. ಡರ್ವೆಂಟ್‌ನ ಇಗರ್ಜಿಯ ಅಂಗಳದಲ್ಲಿ ಹೂತಿದ್ದವರನ್ನೂ ತೆಗೆದು ಬ್ಯಾಮ್‌ಫರ್ಡ್‌ನಲ್ಲಿ ಮತ್ತೆ ಮಣ್ಣು ಮಾಡಿದರು. ನೀರಿನ ಮೇಲೆ ಉಳಿದಿದ್ದ ಇಗರ್ಜಿಯ ಗೋಪುರವನ್ನು 1947ರ ಡಿಸೆಂಬರಿನಲ್ಲಿ ಸಿಡಿಸಿ ಬೀಳಿಸಿದರು. ಮಳೆ ಕೈಕೊಟ್ಟ 2018, 2022ರಲ್ಲಿ ಮನೆಗಳ ಅಡಿಪಾಯ ಮೇಲೆದ್ದಿತ್ತು. ಲಿಂಗನಮಕ್ಕಿಯ ಹಿನ್ನೀರಿನ ಕಥೆ ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಇದನ್ನು ತಿಳಿದು ಹತ್ತಿದರೆ ಮೇಲಿನಿಂದ ಕಾಣುವ ನೀರು ಬರೀ ಚೆಲುವಾಗಿ ಕಾಣುವುದಿಲ್ಲ.

ಆ್ಯಷಪ್ಟನ್ ಸೇತುವೆ ಹತ್ತಿರವಾದಾಗ ಎಡಕ್ಕೆ ಏರುದಾರಿ. ಕಡಿದಾಗಿದೆ, ನಿಧಾನಕ್ಕೆ ಹತ್ತಿ. ವಿನ್‌ಸ್ಟೋನ್ ಲೀ ಟಾರ್ ತಲುಪಿದರೆ ಕಷ್ಟದ ಏರು ಮುಗಿಯಿತು. ಅಲ್ಲಿಂದ ಉತ್ತರಕ್ಕೆ ಬಂಡೆಗಳ ಸಾಲು: ವೀಲ್ ಸ್ಟೋನ್ಸ್, ವೈಟ್ ಟಾರ್, ಸಾಲ್ಟ್ ಸೆಲ್ಲರ್, ಕೇಕ್ಸ್ ಆಫ್ ಬ್ರೆಡ್. ಗ್ರಿಟ್‌ಸ್ಟೋನ್ ಎಂಬ ಒರಟು ಮರಳುಗಲ್ಲನ್ನು ಗಾಳಿ, ಮಳೆ, ಹಿಮ ಕೊರೆದು ಮಾಡಿದ ಆಕಾರಗಳಿವು. ಸಾಲ್ಟ್ ಸೆಲ್ಲರ್ ಬಳಿ ಬುತ್ತಿ ಬಿಚ್ಚಿ. ಕಣಿವೆ ಅಲ್ಲಿ ಚೆನ್ನಾಗಿ ತೆರೆದುಕೊಳ್ಳುತ್ತದೆ. ಆಗಸ್ಟ್‌ನಲ್ಲಿ ಬಂದರೆ ಹೆದರ್ ಹೂವಿನಿಂದ ಬೆಟ್ಟವೆಲ್ಲ ನೇರಳೆ. ಚಳಿಗಾಲದಲ್ಲಿ ಅದೃಷ್ಟವಿದ್ದರೆ ಬಿಳಿ ತುಪ್ಪಳದ ಬೆಟ್ಟಮೊಲ ಕಾಣುತ್ತದೆ.

ನೆಲ ಜವುಗು. ಕಪ್ಪು ಪೀಟ್ ಮಣ್ಣು ಕಾಲು ಹೂತುಹೋಗುವಷ್ಟು ಮೆತ್ತಗಿರುವ ಕಡೆ ಕಲ್ಲುಚಪ್ಪಡಿ ಹಾಸಿದ್ದಾರೆ, ಅದರ ಮೇಲೇ ನಡೆಯಿರಿ. ಒಣಗಿದ ಪೀಟ್‌ಗೆ ಕಿಡಿ ತಾಗಿದರೆ ನೆಲದೊಳಗೇ ಉರಿಯುತ್ತದೆ; ಒಲೆ, ಸಿಗರೇಟು ಖಂಡಿತ ಬೇಡ. ಜಲಾಶಯದಲ್ಲಿ ಈಜುವುದೂ ನಿಷಿದ್ಧ.

ನೆತ್ತಿಯ ಮೇಲೆ ಅಂಗಡಿಯಿಲ್ಲ, ನೆರಳಿಲ್ಲ. ಬೇಸಿಗೆಯಲ್ಲೂ ಮಳೆಯಂಗಿ, ಬೆಚ್ಚನೆಯ ಮೇಲಂಗಿ, ಕುಡಿಯುವ ನೀರು ಜೊತೆಗಿರಲಿ. ಹಿಡಿತವಿರುವ ಬೂಟು ಬೇಕೇ ಬೇಕು, ಸೀರೆ-ಚಪ್ಪಲಿಯ ದಾರಿಯಲ್ಲ ಇದು. ಮೊಬೈಲ್ ನಂಬಿ ಕೂರಬೇಡಿ. ಆರ್ಡ್ನೆನ್ಸ್ ಸರ್ವೆಯ ಓಎಲ್1 ಡಾರ್ಕ್ ಪೀಕ್ ನಕ್ಷೆ ಕೊಳ್ಳಿ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲು.

ಮಂಜು ಕವಿದರೆ, ಮಂಡಿ ನೋವೆದ್ದರೆ, ವೀಲ್ ಸ್ಟೋನ್ಸ್ ದಾಟಿದ ಕೂಡಲೇ ಸಿಗುವ ದಾರಿಕೂಟದಲ್ಲಿ ಎಡಕ್ಕೆ ತಿರುಗಿ ದಂಡೆಗೆ ಇಳಿದುಬಿಡಿ. ಮುಂದೆ ಸಾಗುವವರು ಬ್ಯಾಕ್ ಟಾರ್, ಲಾಸ್ಟ್ ಲ್ಯಾಡ್ ನೋಡಿಕೊಂಡು ಪಶ್ಚಿಮಕ್ಕೆ ಇಳಿದು, ಲೇಡಿಬೌವರಿಗೆ ಉತ್ತರದ ಡರ್ವೆಂಟ್ ಜಲಾಶಯದ ದಂಡೆಯಲ್ಲಿ ಎಡಕ್ಕೆ ಹೊರಳಿದರೆ ಫೇರ್‌ಹೋಮ್ಸ್. ಯಾರಿಗಾದರೂ ಪೆಟ್ಟಾದರೆ 999ಕ್ಕೆ ಕರೆ ಮಾಡಿ ಮೊದಲು ಪೊಲೀಸರನ್ನು, ಆಮೇಲೆ ಮೌಂಟನ್ ರೆಸ್ಕ್ಯೂ ತಂಡವನ್ನು ಕೇಳಿ.