ಸಿರಿಯ ಪಾಠ ಲೆಕ್ಕದ ಪುಸ್ತಕದಿಂದ ಮೊದಲಾಗಲಿ

ಪ್ರೌಢಶಾಲೆಯ ಮಕ್ಕಳಿಗೆ ಧನಮೋಹದ ವಿಷಯವಾಗಿ ಇಸ್ಲಾಮಿನ ನೀತಿಯನ್ನು ಬೋಧಿಸಹೊರಟ ಅಧ್ಯಾಪಕರು, ಈ ಧರ್ಮವು ಐಶ್ವರ್ಯವನ್ನು ಹಳಿಯುವುದಿಲ್ಲವೆಂಬುದನ್ನು ಮೊದಲು ತಾವೇ ಮನಗಾಣತಕ್ಕದ್ದು. ಪ್ರವಾದಿ ಮುಹಮ್ಮದರು ಸ್ವತಃ ವ್ಯಾಪಾರ ಮಾಡಿದವರು. ಅವರ ಪತ್ನಿ ಖದೀಜಾ ಮಕ್ಕಾ ನಗರದ ಸಿರಿವಂತ ವರ್ತಕಿ. ಸಂಪತ್ತು ದೇವರು ನಮ್ಮ ವಶಕ್ಕೆ ಕೊಟ್ಟ ಅಮಾನತ್ತು. ಒಡೆತನ ಆತನದು, ಲೆಕ್ಕ ಒಪ್ಪಿಸುವ ಹೊಣೆ ನಮ್ಮದು. ಇದನ್ನು ಮರೆತು ಹಣವೇ ಕೆಟ್ಟದ್ದೆಂದು ಪಾಠ ತೊಡಗಿದರೆ, ತಿಂಗಳ ಕೊನೆಗೆ ಅಕ್ಕಿಗೂ ತತ್ವಾರಪಡುವ ಮನೆಯ ಹುಡುಗನಿಗೆ ಅದು ಅನ್ಯಾಯದ ಮಾತಾದೀತು.

ಮೊದಲ ವಾರ ಬೋಧನೆ ಬೇಡ. ಏಳು ದಿನಗಳಲ್ಲಿ ಮನಸ್ಸು ಕೇಳಿದುದೆಲ್ಲವನ್ನೂ ‘ಬೇಕಾದುದು’, ‘ಆಸೆಪಟ್ಟದ್ದು’ ಎಂಬ ಎರಡು ಸಾಲುಗಳಲ್ಲಿ ಪ್ರತಿಯೊಬ್ಬರೂ ಬರೆದಿಡಲಿ. ಹೊಸ ಬೂಟನ್ನು ಮೊದಲ ಸಾಲಿನಲ್ಲಿ ಬರೆದು, ಹಳೆಯದು ಇನ್ನೂ ಹರಿದಿಲ್ಲವೆಂಬುದು ನೆನಪಾಗಿ, ಅದನ್ನು ತಾನೇ ಗೀಚಿ ಎರಡನೆಯ ಸಾಲಿಗೆ ಸರಿಸುವ ಮಗು ಅರ್ಧ ಪಾಠವನ್ನು ಆಗಲೇ ಕಲಿತಂತೆ. ಈ ಪುಟವನ್ನು ತರಗತಿಯಲ್ಲಿ ಓದಿಸಲಾಗದು. ಬಡತನವೂ ಸಿರಿಯೂ ಅಲ್ಲಿ ಬಯಲಾಗುತ್ತವೆ.

ಅನಂತರ ಕುರ್‌ಆನಿನ 28ನೆಯ ಅಧ್ಯಾಯದಲ್ಲಿ ಬರುವ ಕಾರೂನನ ಕಥೆಯನ್ನು ಹೇಳಿರಿ. ಅವನ ಭಂಡಾರದ ಬೀಗದ ಕೈಗಳನ್ನು ಹೊರುವುದು ಬಲಿಷ್ಠರ ಗುಂಪಿಗೂ ಭಾರವಾಗಿತ್ತು. ಈ ಸಿರಿಯೆಲ್ಲ ತನ್ನ ಜ್ಞಾನದಿಂದಲೇ ಬಂದುದೆಂದು ಅವನು ಬೀಗುತ್ತಿದ್ದ. ಅವನು ವೈಭವದಿಂದ ಜನರೆದುರು ಹೊರಟುಬಂದ ಸಂದರ್ಭದಲ್ಲಿ ಕಥೆಯನ್ನು ತಡೆದು, ನೋಡುತ್ತ ನಿಂತವರು ಏನೆಂದುಕೊಂಡಿರಬಹುದೆಂದು ಕೇಳಿರಿ. ತಮಗೂ ಅಂಥ ಭಾಗ್ಯವಿದ್ದಿದ್ದರೆ ಎಂದು ನಿನ್ನೆ ಹಂಬಲಿಸಿದವರೇ, ಭೂಮಿಯು ಅವನನ್ನು ಮನೆಸಹಿತ ನುಂಗಿದ ಮೇಲೆ, ದೇವರ ಕೃಪೆಯಿಲ್ಲದಿದ್ದರೆ ತಮಗೂ ಅದೇ ಗತಿಯಾಗುತ್ತಿತ್ತೆಂದು ನಡುಗಿದರು. ನಮ್ಮ ತರಗತಿಯಲ್ಲಿ ಕಾರೂನರಿಲ್ಲ. ಗೆಳೆಯನ ಕೈಯ ಹೊಸ ಮೊಬೈಲನ್ನು ನೋಡುತ್ತ ನಾವೆಲ್ಲರೂ ಆ ಗುಂಪಿನಲ್ಲಿಯೇ ನಿಂತಿದ್ದೇವೆ. ಆದ್ದರಿಂದ ನನ್ನ ಮತದಲ್ಲಿ ಇಲ್ಲಿ ಒಂದಿಡೀ ಅವಧಿ ಕಳೆದರೂ ಹೆಚ್ಚಲ್ಲ.

ಈ ಧರ್ಮದ ಕಡ್ಡಾಯ ದಾನವಾದ ಝಕಾತಿನ ಪಾಠವನ್ನು ಗಣಿತದ ಹಲಗೆಯ ಮೇಲೆಯೇ ಮಾಡಬೇಕು. ಸುಮಾರು 85 ಗ್ರಾಂ ಚಿನ್ನದ ಮಿತಿಯನ್ನು ಮುಟ್ಟಿದ ಸಂಪತ್ತು ಒಂದು ಚಾಂದ್ರವರ್ಷ ಕೈಯಲ್ಲಿ ಉಳಿದರೆ ಅದರ ನಲವತ್ತನೆಯ ಒಂದು ಪಾಲು ಸಲ್ಲಬೇಕು. 100 ಗ್ರಾಂ ಗಟ್ಟಿಗೆ 2.5 ಗ್ರಾಂ. ತೊಡುವ ಆಭರಣದ ವಿಷಯದಲ್ಲಿ ಹನಫಿ, ಶಾಫಿಈ ಪಂಥಗಳಿಗೆ ಅಭಿಪ್ರಾಯಭೇದವಿರುವುದರಿಂದ, ಎರಡೂ ಬಗೆಯ ಮಕ್ಕಳಿರುವಲ್ಲಿ ಗಟ್ಟಿಯ ಉದಾಹರಣೆಯೇ ಲೇಸು. ಪಡೆಯಲು ಅರ್ಹರಾದ ಎಂಟು ವರ್ಗಗಳನ್ನೂ ಓದಿಸಿ, ಸಾಲಗಾರನೂ ದಾರಿಹೋಕನೂ ಅದರಲ್ಲಿ ಸೇರಿರುವುದನ್ನು ತೋರಿಸಿರಿ. ಕೊಡುವವನದು ಉಪಕಾರವಲ್ಲ, ಪಡೆಯುವವನದು ಹಕ್ಕು.

ಕಡೆಯದು ಕೈಯ ಕೆಲಸ. ದಾನಿಗಳ ಪಟ್ಟಿಯನ್ನು ಶಾಲೆಯ ಗೋಡೆಗೆ ಅಂಟಿಸಬೇಡಿರಿ. ಗುಟ್ಟಾಗಿ ಕೊಟ್ಟುದೇ ಮೇಲೆಂಬುದು ಈ ಧರ್ಮದ ಮಾತು. ರಂಝಾನಿನ ಕೊನೆಗೆ ಮನೆಯ ಫಿತ್ರ್ ಝಕಾತನ್ನು ಅಕ್ಕಿಯಲ್ಲಿ ಕೊಡುವವರಾದರೆ, ತಲೆಗೆ ಸುಮಾರು 2.5ರಿಂದ 3 ಕಿಲೊವಿನಂತೆ ವಿದ್ಯಾರ್ಥಿಯೇ ಅಳೆಯಲಿ: ಅಜ್ಜಿಗೊಂದು ಪಾಲು, ತನಗೊಂದು, ತೊಟ್ಟಿಲಲ್ಲಿ ಮಲಗಿರುವ ತಂಗಿಗೂ ಒಂದು, ಅಳೆದುದು ಹಬ್ಬದ ನಮಾಝಿಗೆ ಮುಂಚೆಯೇ ಯಾರದೋ ಅಡುಗೆಮನೆಯನ್ನು ಸೇರಲಿ.