ಆಸ್ಪತ್ರೆಯ ಅವಘಡ ಮತ್ತು ದಾಖಲೆ ಪಡೆಯುವ ಹಕ್ಕು

ಚಿಕಿತ್ಸೆ ಫಲಿಸದಿರುವುದೂ ಚಿಕಿತ್ಸೆಯ ನಡುವೆ ತಡೆಯಬಹುದಾಗಿದ್ದ ಅವಘಡ ಸಂಭವಿಸುವುದೂ ಕಾನೂನಿನ ದೃಷ್ಟಿಯಲ್ಲಿ ಒಂದೇ ಅಲ್ಲ. ಸಾಧಾರಣ ಕೌಶಲವುಳ್ಳ ವೈದ್ಯರು ವಹಿಸಬೇಕಾದ ಎಚ್ಚರ ತಪ್ಪಿ ಹಾನಿಯಾದಾಗ ಮಾತ್ರ ಅದು ವೈದ್ಯಕೀಯ ನಿರ್ಲಕ್ಷ್ಯವೆನಿಸುತ್ತದೆ. 1963ರಲ್ಲಿ ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಳಗಾದ ಮಹಿಳೆಯ ಹೊಟ್ಟೆಯೊಳಗೆ ಬಟ್ಟೆ ಉಳಿದು, ಆಕೆ ಮೃತಪಟ್ಟ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ರಾಜ್ಯ ಸರ್ಕಾರವನ್ನೇ ಹೊಣೆ ಮಾಡಿತು. ಘಟನೆಯೇ ನಿರ್ಲಕ್ಷ್ಯಕ್ಕೆ ಸಾಕ್ಷಿ ಎಂಬ ತತ್ತ್ವ ಅಲ್ಲಿ ಅನ್ವಯವಾಯಿತು.

ಎಲ್ಲ ಅವಘಡಗಳೂ ಇಷ್ಟು ನಿಚ್ಚಳವಾಗಿರುವುದಿಲ್ಲ. ರಾತ್ರಿ ಎಷ್ಟು ಗಂಟೆಗೆ ಯಾವ ಚುಚ್ಚುಮದ್ದು ಕೊಡಲಾಯಿತು, ರಕ್ತದೊತ್ತಡ ಕುಸಿದಾಗ ವೈದ್ಯರನ್ನು ಕರೆಸಲಾಯಿತೇ ಎಂಬುದು ಕೇಸ್‌ ಶೀಟಿನಲ್ಲಿ, ಅಂದರೆ ದಾಖಲಾತಿಯಿಂದ ಬಿಡುಗಡೆಯವರೆಗಿನ ಚಿಕಿತ್ಸಾ ದಾಖಲೆಯಲ್ಲಿ ಸಿಗಬೇಕೇ ಹೊರತು, ಎಲ್ಲ ಮುಗಿದ ಮೇಲೆ ಬರೆದುಕೊಡುವ ಡಿಸ್‌ಚಾರ್ಜ್ ಸಮರಿಯಲ್ಲಲ್ಲ. ಆದರೂ ಬಹುಪಾಲು ಕುಟುಂಬಗಳು ಸಮರಿಯನ್ನಷ್ಟೇ ಹಿಡಿದು ಮನೆಗೆ ಮರಳುತ್ತವೆ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿನೀತಿ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಪಿಡಬೇಕು. ರೋಗಿ ಅಥವಾ ಆತನ ಪರವಾಗಿ ಅಧಿಕಾರ ಪಡೆದವರು ಕೇಳಿದರೆ 72 ಗಂಟೆಯೊಳಗೆ ಒದಗಿಸಬೇಕು. ಆದಕಾರಣ ದಾದಿಯರ ಟಿಪ್ಪಣಿ, ಔಷಧ ನೀಡಿದ ಪಟ್ಟಿ, ಅರಿವಳಿಕೆಯ ದಾಖಲೆ, ಸಮ್ಮತಿ ಪತ್ರ ಇವುಗಳನ್ನು ಹೆಸರಿಸಿ ಲಿಖಿತ ಅರ್ಜಿ ಕೊಟ್ಟು, ಅದರ ಪ್ರತಿಯ ಮೇಲೆ ದಿನಾಂಕಸಹಿತ ಸ್ವೀಕೃತಿ ಮೊಹರು ಹಾಕಿಸಿಕೊಳ್ಳುವುದು ಮೊದಲ ಹೆಜ್ಜೆ.

ಪರಿಹಾರ ಬಯಸುವವರು ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ, ತಾವು ವಾಸಿಸುವ ಜಿಲ್ಲೆಯಲ್ಲೇ, ದೂರು ಸಲ್ಲಿಸಬಹುದು. 1995ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಎಲ್ಲರಿಗೂ ಉಚಿತ ಚಿಕಿತ್ಸೆ ನೀಡುವ ಆಸ್ಪತ್ರೆಗಳು ಗ್ರಾಹಕ ಕಾನೂನಿನಿಂದ ಹೊರಗಿವೆ. ಕೆಲವರಿಂದಲಾದರೂ ಶುಲ್ಕ ಪಡೆಯುವ ಕಡೆ ಉಚಿತವಾಗಿ ಚಿಕಿತ್ಸೆ ಪಡೆದವರೂ ಗ್ರಾಹಕರೇ. ಪೂರ್ಣ ಉಚಿತ ಆಸ್ಪತ್ರೆಯ ವಿರುದ್ಧ ಸಿವಿಲ್ ನ್ಯಾಯಾಲಯದ ದಾರಿ ತೆರೆದೇ ಇದೆ.

ಕೋಪದ ಭರದಲ್ಲಿ ಪೊಲೀಸ್ ಠಾಣೆಗೆ ಧಾವಿಸುವುದು ಸಹಜವಾದರೂ ಅದರಿಂದ ಪರಿಹಾರ ದೊರೆಯುವುದು ವಿರಳ. ಆಮ್ಲಜನಕದ ಸಿಲಿಂಡರ್ ಖಾಲಿಯಿತ್ತೆಂಬ ಆರೋಪದಿಂದ ಹುಟ್ಟಿದ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2005ರಲ್ಲಿ, ವೈದ್ಯರ ಮೇಲೆ ಕ್ರಿಮಿನಲ್ ಕ್ರಮ ಜರುಗಿಸಲು ಘೋರ ನಿರ್ಲಕ್ಷ್ಯವೇ ಇರಬೇಕು, ತನಿಖಾಧಿಕಾರಿ ಮೊದಲು ಸ್ವತಂತ್ರ ವೈದ್ಯಕೀಯ ಅಭಿಪ್ರಾಯ ಪಡೆಯಬೇಕು ಎಂದು ವಿಧಿಸಿತು. ಗ್ರಾಹಕ ದೂರಿಗಾದರೋ ವ್ಯಾಜ್ಯಕಾರಣ ಉಂಟಾದ ದಿನದಿಂದ 2 ವರ್ಷ ಕಾಲಾವಕಾಶವಿದ್ದು, ಆಸ್ಪತ್ರೆಗೆ ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿನ ಶುಲ್ಕವಿಲ್ಲ.